ರೈನ್ ನದಿಯ ಬಂಗಾರ, ಮೈಲಾಪುರದ ಹೊನ್ನಕೆರೆ

ಒಂದು ಎಲೆ. ಅಂಗೈ ಅಗಲದ ಒಂದೇ ಒಂದು ಎಲೆ!

ಡ್ರ್ಯಾಗನ್ ಕೊಂದು ಅದರ ಬಿಸಿ ರಕ್ತದಲ್ಲಿ ಮೈ ತೋಯಿಸಿಕೊಳ್ಳುತ್ತಿದ್ದ ಯುವಕನ ಬೆನ್ನಿಗೆ ಆ ಎಲೆ ಮೇಲಿನಿಂದ ಬಂದು ಅಂಟಿಕೊಂಡಿತು. ರಕ್ತ ತಾಗಿದ ಮೈಯೆಲ್ಲ ಕಬ್ಬಿಣದಷ್ಟು ಗಟ್ಟಿ. ಎಲೆ ಮುಚ್ಚಿದಷ್ಟು ಜಾಗ ಮಾತ್ರ ಬರೀ ಚರ್ಮ. ಗುರುಮಠಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಚಿತ್ರವೊಂದನ್ನು ನೋಡುತ್ತಿದ್ದ ನಾನು ಇನ್ನೂ ಆ ರಕ್ತದ ಮಡುವನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಆಯಿ ಕೈಯಲ್ಲಿನ ಅಡಿಕೆ ಹೋಳನ್ನು ಬಾಯಿಗೆ ಹಾಕದೆ ಹಾಗೇ ಹಿಡಿದು, "ಅಯ್ಯ ಶಿವನೇ! ಅಲ್ಲೇ ಅದ ನೋಡು ಅವನ ಸಾವು" ಅಂದುಬಿಟ್ಟಳು.

ನನ್ನ ಮೈ ಜುಮ್ಮೆಂದಿತು. ಆಯಿ ಅಂದರೆ ನನ್ನ ಅವ್ವನ ಅವ್ವ. ಜರ್ಮನಿ ಯಾವ ದಿಕ್ಕಿಗಿದೆ ಅಂತ ಅವಳಿಗೆ ಗೊತ್ತಿಲ್ಲ. ಚಿತ್ರದ ಮಾತು ಒಂದಕ್ಷರ ತಿಳಿಯದು. ಆದರೂ ಎಂಟು ನೂರು ವರ್ಷಗಳ ಹಿಂದೆ, ತನ್ನ ಹೆಸರನ್ನೂ ಹೇಳದೆ ಹೋದ ಕವಿಯೊಬ್ಬ ಕಟ್ಟಿದ ಕಥೆಯ ಗುಟ್ಟನ್ನು ಒಂದೇ ನೋಟಕ್ಕೆ ಹಿಡಿದಿದ್ದಳು. ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ದುರ್ಯೋಧನಗ ತೊಡಿ ಇತ್ತಲ್ಲೋ ತಮ್ಮಾ, ಇವಗ ಬೆನ್ನು. ಎಲ್ಲಾ ಕಡಿ ಗಟ್ಟಿ ಇದ್ದಾವಗ ಒಂದು ಕಡಿ ಮೆತ್ತಗ ಇರಲೇಬೇಕು." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದಳು. "ನಮ್ಮ ಮೈಲಾರಲಿಂಗನ ಕಥ್ಯಾಗೂ ಹಿಂಗೇ ರಕ್ತದ ಮಾತು ಅದ. ರಕ್ಕಸನ ರಕ್ತ ನೆಲಕ್ಕ ಬೀಳಬಾರದಂತ ನಾಯಿ ನೆಕ್ಕಿತಂತ."

ಆ ಒಂದು ಮಾತಿನ ಬೆನ್ನು ಹತ್ತಿ ನಾನು ಎಲ್ಲೆಲ್ಲಿಗೆ ಹೋಗಿ ಬಂದೆ! ಓದುತ್ತ ಓದುತ್ತ ರೈನ್ ನದಿಯ ದಡಕ್ಕೆ, ಸ್ವೀಡನ್ನಿನ ಒಂದು ಬಂಡೆಗೆ, ಜೇಜುರಿಯ ಮೆಟ್ಟಿಲಿಗೆ. ಕೊನೆಗೆ ಕಾಲ್ನಡಿಗೆಯಲ್ಲಿ, ನಮ್ಮದೇ ಯಾದಗಿರಿ ತಾಲ್ಲೂಕಿನ ಮೈಲಾಪುರದ ಗುಡ್ಡಕ್ಕೆ.

ಕಪಾಟಿನಲ್ಲಿ ಮಲಗಿದ್ದ ಮಹಾಕಾವ್ಯ

ನಾವು ನೋಡಿದ್ದು ಉಲಿ ಎಡೆಲ್ ನಿರ್ದೇಶನದ, 2004ರಲ್ಲಿ ಜರ್ಮನಿಯ ಟಿವಿಯಲ್ಲಿ ಎರಡು ಭಾಗಗಳಾಗಿ ಬಂದ ಚಿತ್ರ. 'ರಿಂಗ್ ಆಫ್ ದಿ ನಿಬೆಲುಂಗ್ಸ್' ಎಂದೂ 'ಡಾರ್ಕ್ ಕಿಂಗ್‌ಡಮ್: ದಿ ಡ್ರ್ಯಾಗನ್ ಕಿಂಗ್' ಎಂದೂ ಬೇರೆ ಬೇರೆ ಹೆಸರು ಹೊತ್ತು ಅದು ದೇಶ ದೇಶ ತಿರುಗಿದೆ. ಚಿತ್ರೀಕರಣ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಬೆನ್ನೋ ಫ್ಯೂರ್ಮನ್ ನಾಯಕ ಸೀಗ್‌ಫ್ರೀಡ್. ಕ್ರಿಸ್ಟಾನಾ ಲೋಕೆನ್ ಉತ್ತರದ ರಾಣಿ ಬ್ರುನ್‌ಹಿಲ್ಡ್. ತಂದೆ ತಾಯಿ ಇಲ್ಲದ ಹುಡುಗನನ್ನು ಸಾಕುವ ಮುದಿ ಕಮ್ಮಾರನಾಗಿ ಹಿರಿಯ ನಟ ಮ್ಯಾಕ್ಸ್ ಫಾನ್ ಸಿಡೋ. ಮುಂದೆ ಜಗತ್ತಿನ ತುಂಬ ಹೆಸರು ಮಾಡಿದ ರಾಬರ್ಟ್ ಪ್ಯಾಟಿನ್ಸನ್ ಇದರಲ್ಲಿ ಇನ್ನೂ ಮೀಸೆ ಮೂಡದ ರಾಜಕುಮಾರ.

ಚಿತ್ರದ ಹಿಂದೆ ಇರುವುದು 'ನಿಬೆಲುಂಗೆನ್‌ಲೀಡ್', ಅಂದರೆ ನಿಬೆಲುಂಗರ ಹಾಡು. ಸುಮಾರು 1200ರಲ್ಲಿ ಹಳೆಯ ಜರ್ಮನ್ ಭಾಷೆಯಲ್ಲಿ ಹುಟ್ಟಿದ ಕಾವ್ಯ. ಕ್ಸಾಂಟೆನ್ ಊರಿನ ಸೀಗ್‌ಫ್ರೀಡ್ ಡ್ರ್ಯಾಗನ್ ಕೊಂದವನು, ಅಪಾರ ಬಂಗಾರ ಗೆದ್ದವನು. ರೈನ್ ದಡದ ವೋರ್ಮ್ಸ್ ಪಟ್ಟಣಕ್ಕೆ ಬಂದು ಕ್ರೀಮ್‌ಹಿಲ್ಡ್‌ಳನ್ನು ಒಲಿದು ಮದುವೆಯಾಗುತ್ತಾನೆ. ಆಸ್ಥಾನದ ಹಾಗೆನ್ ಎಂಬ ವೀರನಿಗೆ ಅವನ ಮೇಲೆ ಕಣ್ಣು. ಯುದ್ಧದಲ್ಲಿ ನಿನ್ನ ಗಂಡನನ್ನು ಕಾಯಬೇಕಲ್ಲ, ಅವನ ಮೈಯಲ್ಲಿ ಮೆತ್ತಗಿನ ಜಾಗ ಎಲ್ಲಿದೆ ತೋರಿಸು ಎಂದು ಅವನು ಹೆಂಡತಿಯನ್ನೇ ಕೇಳುತ್ತಾನೆ. ಆ ಹೆಣ್ಣುಮಗಳು ನಂಬಿ, ಗಂಡನ ಅಂಗಿಯ ಬೆನ್ನಿನ ಮೇಲೆ ಸಣ್ಣದೊಂದು ಗುರುತನ್ನು ತನ್ನ ಕೈಯಾರೆ ಹೊಲಿದು ಕೊಡುತ್ತಾಳೆ! ಬೇಟೆಯ ದಿನ ಸೀಗ್‌ಫ್ರೀಡ್ ಬುಗ್ಗೆಯ ನೀರು ಕುಡಿಯಲು ಬಾಗಿದಾಗ ಹಾಗೆನ್‌ನ ಈಟಿ ಆ ಹೊಲಿಗೆಯ ಮೇಲೇ ಇಳಿಯುತ್ತದೆ. ಕಾಪಾಡಲೆಂದು ಹಾಕಿದ ಹೊಲಿಗೆಯೇ ಕೊಲ್ಲುವವನಿಗೆ ದಾರಿ ತೋರಿಸಿತು. ಇದನ್ನು ಆಯಿಗೆ ಹೇಳಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದುತ್ತಾ ಹೋದಂತೆ ಬೆರಗಿನ ಮೇಲೆ ಬೆರಗು. ಇಷ್ಟು ಹೆಸರಾದ ಡ್ರ್ಯಾಗನ್ ವಧೆ ಆ ದೊಡ್ಡ ಕಾವ್ಯದಲ್ಲಿ ನಮ್ಮ ಕಣ್ಣೆದುರು ನಡೆಯುವುದೇ ಇಲ್ಲ. ಹಿಂದೆ ಇವನು ಹೀಗೆ ಮಾಡಿದನಂತೆ ಎಂದು ಹಾಗೆನ್ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಆ ಕಾಳಗವನ್ನು ಕಣ್ತುಂಬ ನೋಡಬೇಕೆಂದರೆ ಉತ್ತರಕ್ಕೆ ಹೋಗಬೇಕು. ಅಲ್ಲಿ ನಾಯಕನ ಹೆಸರು ಸಿಗುರ್ಡ್, ಡ್ರ್ಯಾಗನ್‌ನ ಹೆಸರು ಫಾಫ್ನಿರ್. ಸ್ವೀಡನ್ನಿನ ರಾಮ್‌ಸುಂಡ್ ಎಂಬಲ್ಲಿ ಒಂದು ದೊಡ್ಡ ಬಂಡೆ ಇದೆ. ಸುಮಾರು 1030ರಲ್ಲಿ, ನಮ್ಮ ಸೀಮೆಯನ್ನು ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲಕ್ಕೆ, ಅದರ ಮೇಲೆ ಯಾರೋ ಈ ಕಥೆ ಕೊರೆದರು. ಉದ್ದಕ್ಕೆ ಸುತ್ತಿ ಬರುವ ಹಾವಿನ ಮೈಯೇ ಚೌಕಟ್ಟು, ಅದರ ಹೊಟ್ಟೆಯೊಳಗೇ ರೂನಿಕ್ ಲಿಪಿಯ ಬರಹ. ಕೆಳಗಿನಿಂದ ಸಿಗುರ್ಡ್ ಕತ್ತಿ ಚುಚ್ಚುತ್ತಿದ್ದಾನೆ. ಒಳಗೆ ಅದೇ ಸಿಗುರ್ಡ್ ಡ್ರ್ಯಾಗನ್‌ನ ಹೃದಯ ಸುಡುತ್ತ ಸುಟ್ಟ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿದ್ದಾನೆ. ರಕ್ತದ ಒಂದು ಹನಿ ನಾಲಿಗೆಗೆ ತಾಗಿದ್ದೇ ತಡ, ಹಕ್ಕಿಗಳ ಮಾತು ಅವನಿಗೆ ತಿಳಿಯತೊಡಗುತ್ತದೆ! ಮರದ ಮೇಲೆ ಆ ಹಕ್ಕಿಗಳು, ಮರಕ್ಕೆ ಕಟ್ಟಿದ ಕುದುರೆ, ಪಕ್ಕದಲ್ಲಿ ಸಿಗುರ್ಡ್‌ನನ್ನು ಸಾಕಿದ, ಈಗ ತಲೆ ಹೋದ ಕಮ್ಮಾರ ಮತ್ತು ಅವನ ಇಕ್ಕಳ ಸುತ್ತಿಗೆ. ನಮ್ಮ ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಹಿಂದೆ ನಿಂತಿರುವ ವೀರಗಲ್ಲು ಓದಿ ಬಲ್ಲವರಿಗೆ ಈ ಬಂಡೆ ಓದುವುದು ಕಷ್ಟವೇ ಇಲ್ಲ. ಒಂದೇ ಕಲ್ಲಿನ ಮೇಲೆ ಒಬ್ಬನೇ ವೀರ ಹಲವು ಸಲ ಬರುತ್ತಾನೆ, ಕಥೆ ಹಂತ ಹಂತವಾಗಿ ಸಾಗುತ್ತದೆ.

ಆದರೆ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಬೇರೆ. ಈ ನಿಬೆಲುಂಗರ ಹಾಡನ್ನು ಜರ್ಮನ್ನರು ಮರೆತೇಬಿಟ್ಟಿದ್ದರು! ಹಾಡುವವರು ಹೋದರು, ಓದುವವರೂ ಹೋದರು. 1755ರಲ್ಲಿ ಯಾಕೋಬ್ ಹರ್ಮನ್ ಒಬೆರೈಟ್ ಎಂಬ ವೈದ್ಯ, ಇಂದಿನ ಆಸ್ಟ್ರಿಯಾದ ಹೊಹೆನೆಮ್ಸ್ ಅರಮನೆಯ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಯೊಂದನ್ನು ತೆರೆದು ನೋಡಿದ. ಅಲ್ಲಿತ್ತು ಸೀಗ್‌ಫ್ರೀಡ್‌ನ ಕಥೆ. ಆ ಒಂದು ದಿನದಿಂದ ಎಲ್ಲವೂ ಮತ್ತೆ ಚಿಗುರಿತು. 1876ರಲ್ಲಿ ವಾಗ್ನರ್‌ನ ನಾಲ್ಕು ರಾತ್ರಿಗಳ ಸಂಗೀತ ನಾಟಕ ರಂಗಕ್ಕೆ ಬಂತು. 1924ರಲ್ಲಿ ಫ್ರಿಟ್ಸ್ ಲಾಂಗ್ ಮೂಕಿ ಚಿತ್ರ ಮಾಡಿದರು, ಅದಕ್ಕಾಗಿ ಒಳಗೆ ಆಳುಗಳು ಕೂತು ಆಡಿಸುವ ಭಾರೀ ಡ್ರ್ಯಾಗನ್ ಕಟ್ಟಿಸಿದರು. ಆಮೇಲೆ 2004ರ ಈ ಟಿವಿ ಚಿತ್ರ. 2009ರಲ್ಲಿ ಯುನೆಸ್ಕೊ ಈ ಕಾವ್ಯದ ಹಸ್ತಪ್ರತಿಗಳನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು. ಕಾವ್ಯ ಸಿಕ್ಕಿತು, ಆದರೆ ಅದರ ಮಟ್ಟು ಆ ಪುಸ್ತಕಗಳಲ್ಲಿ ಇರಲಿಲ್ಲ. ಹಾಡು ಎಂಬ ಹೆಸರು ಉಳಿಯಿತು, ಹಾಡುವ ದನಿ ಉಳಿಯಲಿಲ್ಲ.

ಒಬ್ಬ ದೇವರು, ಮೂರು ಭಾಷೆ

ಈಗ ನಮ್ಮ ಕಡೆ ತಿರುಗೋಣ. ಗುರುಮಠಕಲ್ ಗಡಿಯ ಊರು. ಪೂರ್ವಕ್ಕೆ ಸ್ವಲ್ಪ ಹೋದರೆ ತೆಲಂಗಾಣ, ನಾರಾಯಣಪೇಟೆ, ಕೊಡಂಗಲ್. ಇಲ್ಲಿನ ಅಂಗಡಿಗಳಲ್ಲಿ ಕನ್ನಡದಲ್ಲಿ ಶುರುವಾದ ವ್ಯಾಪಾರ ತೆಲುಗಿನಲ್ಲಿ ಮುಗಿಯುತ್ತದೆ, ನಡುವೆ ನಾಲ್ಕು ಮಾತು ಉರ್ದು. ಹುಟ್ಟಿದಾಗಿನಿಂದ ಮೂರೂ ಕಿವಿಗೆ ಬಿದ್ದಿವೆ. ಆದರೂ ಮೈಲಾರಲಿಂಗ, ಮಲ್ಲನ್ನ, ಖಂಡೋಬ ಈ ಮೂವರೂ ಒಬ್ಬನೇ ಎಂಬುದು ಆಯಿಯ ಮಾತಿನ ಬೆನ್ನು ಹತ್ತುವ ತನಕ ನನ್ನ ತಲೆಗೆ ಹೊಳೆದಿರಲಿಲ್ಲ!

ಕಥೆ ಹೀಗಿದೆ. ಮಣಿ ಮತ್ತು ಮಲ್ಲ ಅಣ್ಣತಮ್ಮಂದಿರು. ನಮ್ಮವರ ಬಾಯಲ್ಲಿ ಮಣಿಕಾಸುರ, ಮಲ್ಲಾಸುರ. ಬ್ರಹ್ಮನಿಂದ ವರ ಪಡೆದು ಸೊಕ್ಕಿದವರು. ಗುಡ್ಡದ ಮೇಲೆ ತಪಸ್ಸು ಮಾಡುತ್ತಿದ್ದ ಋಷಿಗಳ ಆಶ್ರಮ ಹಾಳು ಮಾಡುತ್ತಾರೆ. ಋಷಿಗಳು ಇಂದ್ರನ ಬಳಿ ಹೋಗುತ್ತಾರೆ, ವಿಷ್ಣುವಿನ ಬಳಿ ಹೋಗುತ್ತಾರೆ, ಕೊನೆಗೆ ಶಿವನ ಬಳಿ. ಶಿವ ಮಾರ್ತಾಂಡ ಭೈರವನಾಗಿ ಖಡ್ಗ ಹಿಡಿದು ಇಳಿದು ಬರುತ್ತಾನೆ, ಜೊತೆಗೆ ಏಳು ಕೋಟಿ ಸೈನ್ಯ. ಮಾರ್ಗಶಿರ ಮಾಸದ ಪಾಡ್ಯದಿಂದ ಆರು ದಿನ ಕಾಳಗ. ಆರನೆಯ ದಿನವೇ ಚಂಪಾಷಷ್ಠಿ. ರಕ್ಕಸರ ರಕ್ತದ ಹನಿ ನೆಲಕ್ಕೆ ಬಿದ್ದರೆ ಮತ್ತೆ ರಕ್ಕಸರು ಹುಟ್ಟುತ್ತಾರೆ. ಅದಕ್ಕೆ ಹನಿ ಬೀಳುವ ಮೊದಲೇ ಕುಡಿಯಬೇಕು. ಸಂಸ್ಕೃತದ 'ಮಲ್ಲಾರಿ ಮಾಹಾತ್ಮ್ಯ'ದಲ್ಲಿ ಘೃತಮಾರಿ ಎಂಬ ಶಕ್ತಿ ಆ ಕೆಲಸ ಮಾಡುತ್ತಾಳೆ. ಜನಪದರ ಕಥೆಯಲ್ಲಿ ದೇವರ ನಾಯಿ. ನಮ್ಮ ಆಯಿ ಹೇಳಿದ್ದು ಆ ನಾಯಿಯನ್ನೇ!

ಈ ದೇವರ ಗುಡಿಗಳನ್ನು ನಕ್ಷೆಯಲ್ಲಿ ಗುರುತು ಹಾಕುತ್ತ ಹೋದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಬೆಳಗಾವಿ ಜಿಲ್ಲೆಯ ಮಂಗಸೂಳಿ. ಬೀದರ ಜಿಲ್ಲೆಯ ಆದಿ ಮೈಲಾರ. ನಮ್ಮ ಮೈಲಾಪುರ. ಪುಣೆ ಜಿಲ್ಲೆಯ ಜೇಜುರಿ, ಸಾತಾರಾ ಜಿಲ್ಲೆಯ ಪಾಲಿ. ತೆಲಂಗಾಣದ ಕೊಮುರವೆಲ್ಲಿ. ಚುಕ್ಕಿಗಳನ್ನು ಸೇರಿಸಿದರೆ ಇಡೀ ದಖ್ಖನ್ ಬಯಲು ಒಂದೇ ಕಂಬಳಿಯ ಹಾಗೆ ಹಾಸಿಕೊಳ್ಳುತ್ತದೆ. ಕುರಿ ಕಾಯುವವರು ಮೇವು ಹುಡುಕಿ ನಡೆದಾಡಿದ ನೆಲ ಇದು.

ಎಲ್ಲ ಕಡೆ ಇವನಿಗೆ ಇಬ್ಬರು ಹೆಂಡಿರು. ಕನ್ನಡದಲ್ಲಿ ಗಂಗಿಮಾಳವ್ವ ಮತ್ತು ಕುರುಬರ ಮಗಳು ಕುರುಬತ್ತೆವ್ವ. ಮರಾಠಿಯಲ್ಲಿ ವ್ಯಾಪಾರಿ ಮನೆತನದ ಮ್ಹಾಳಸಾ ಮತ್ತು ಧನಗರರ ಬಾಣಾಯಿ. ತೆಲುಗಿನಲ್ಲಿ ಮೇಡಲಮ್ಮ ಮತ್ತು ಗೊಲ್ಲರ ಕೇತಮ್ಮ. ಪೇಟೆಯಿಂದ ಒಬ್ಬಳು, ಹಟ್ಟಿಯಿಂದ ಒಬ್ಬಳು! ದೇವರ ಮನೆಯಲ್ಲೇ ಪೇಟೆಗೂ ಕುರಿಹಟ್ಟಿಗೂ ನೆಂಟಸ್ತನ ಕುದುರಿಸಿಟ್ಟಿದ್ದಾರೆ. ಮಹಾರಾಷ್ಟ್ರದಲ್ಲಿ ಮುಸಲ್ಮಾನ ಭಕ್ತರು ಇವನನ್ನು ಮಲ್ಲೂಖಾನ್ ಎಂದು ಕರೆಯುತ್ತಾರೆ.

ಈ ಕಥೆ ಹೇಳುವವರಿಗೂ ಊರಿಗೊಂದು ಹೆಸರು. ನಮ್ಮ ಕಡೆ ವಗ್ಗಯ್ಯ, ದಕ್ಷಿಣಕ್ಕೆ ಹೋದರೆ ಗೊರವಯ್ಯ, ಮರಾಠಿಯಲ್ಲಿ ವಾಘ್ಯಾ. ತೆಲಂಗಾಣದಲ್ಲಿ ಒಗ್ಗು ಕಥೆ ಹೇಳುವವರು. ಒಗ್ಗು ಅಂದರೆ ಶಿವನ ಡಮರು. ಕಂಬಳಿ ಅಂಗಿ ತೊಟ್ಟು, ಭಂಡಾರದ ಚೀಲ ತೂಗುಹಾಕಿ, ಡಮರು ನುಡಿಸುತ್ತ, ಗಂಟೆ ಆಡಿಸುತ್ತ ಬರುವ ಗೊರವಯ್ಯನಿಗೆ ದೇವರ ನಾಯಿಯಾಗುವುದೇ ದೊಡ್ಡ ಪದವಿ. ದೋಣಿ ಸೇವೆಯಲ್ಲಿ ಹಾಲು, ಬಾಳೆಹಣ್ಣು ಬೆರೆಸಿ ಇಟ್ಟ ದೋಣಿಗೆ ಕೈ ಮುಟ್ಟಿಸದೆ ನೇರ ಬಾಯಿ ಹಾಕಿ, ಒಬ್ಬರನ್ನೊಬ್ಬರು ನೂಕುತ್ತ ಬೊಗಳುತ್ತ ಉಣ್ಣುವುದನ್ನು ನೋಡಿದವರು ನಕ್ಕಿದ್ದೂ ಉಂಟು. ಆ ನಾಯಿ ರಕ್ಕಸನ ರಕ್ತ ನೆಕ್ಕಿ ಲೋಕ ಉಳಿಸಿದ ನಾಯಿ ಎಂದು ಗೊತ್ತಾದ ಮೇಲೆ ನನಗೆ ಆ ದೋಣಿಯ ಮುಂದೆ ಕೈ ಮುಗಿಯದೆ ಇರಲು ಆಗಲಿಲ್ಲ.

ಮೈಲಾಪುರದ ಹಳದಿ

ಸಂಕ್ರಾಂತಿಗೆ ಮೈಲಾಪುರಕ್ಕೆ ಹೊರಟೆ. ದಾರಿ ತುಂಬ ಟ್ರ್ಯಾಕ್ಟರು, ಟಂಟಂ, ನಡೆದು ಬರುವ ಸಂಸಾರಗಳು. ತಲೆ ಮೇಲೆ ಬುತ್ತಿ ಗಂಟು, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಕೂಸು. ಕನ್ನಡ, ತೆಲುಗು, ಮರಾಠಿ ಮೂರೂ ಒಂದೇ ಧೂಳಿನಲ್ಲಿ ಬೆರೆತು ಬರುತ್ತಿದ್ದವು. ಗುಡ್ಡದ ಗುಹೆಯಲ್ಲಿ ಮೈಲಾರಲಿಂಗ. ಅಲ್ಲಿಂದ ಉತ್ಸವಮೂರ್ತಿ ಪಲ್ಲಕ್ಕಿ ಏರಿ ಗಂಗಾಸ್ನಾನಕ್ಕೆ ಹೊರಡುತ್ತದೆ. ಹೊರಡುವುದು ಎಲ್ಲಿಗೆ? ಹೊನ್ನಕೆರೆಗೆ!

ಆ ಹೆಸರು ಕೇಳಿ ನಾನು ನಿಂತಲ್ಲೇ ನಿಂತೆ. ಸೀಗ್‌ಫ್ರೀಡ್‌ನ ಬಂಗಾರ ಏನಾಯಿತು? ಹಾಗೆನ್ ಅದನ್ನು ಯಾರಿಗೂ ಸಿಗದ ಹಾಗೆ ರೈನ್ ನದಿಯಲ್ಲಿ ಮುಳುಗಿಸಿಬಿಟ್ಟ. ಅದು ಇನ್ನೂ ನೀರಿನ ತಳದಲ್ಲೇ ಇದೆ ಎಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ಇಲ್ಲಿ ನಮ್ಮ ಗುಡ್ಡದ ಬುಡದಲ್ಲಿ ಹೊನ್ನು ಎಂದೇ ಹೆಸರಾದ ಕೆರೆ. ಅದರಲ್ಲಿ ಸಾವಿರಾರು ಜನ ಮೀಯುತ್ತಿದ್ದಾರೆ! ಅಜ್ಜಿಯೊಬ್ಬಳು ಬೊಗಸೆ ನೀರೆತ್ತಿ ಮೊಮ್ಮಗನ ನೆತ್ತಿಗೆ ಹಾಕುತ್ತಿದ್ದಳು. ಚಳಿಗೆ ಅವನ ಹಲ್ಲು ಕಟಕಟ. ಅವಳ ಬಾಯಲ್ಲಿ ಮಾತ್ರ ಒಂದೇ ಸಮ, "ಏಳುಕೋಟಿ, ಏಳುಕೋಟಿ".

ಪಲ್ಲಕ್ಕಿ ತಿರುಗಿ ಬರುವಾಗ ಆಕಾಶವೇ ಹಳದಿಯಾಯಿತು. ಭಂಡಾರ! ಮುಷ್ಟಿ ಮುಷ್ಟಿ ಅರಿಸಿನದ ಪುಡಿ ಮೇಲಕ್ಕೆ ಹಾರುತ್ತದೆ, ಇಳಿಯುವ ಮೊದಲೇ ಇನ್ನೊಂದು ಮುಷ್ಟಿ. ಹುಬ್ಬಿನ ಮೇಲೆ, ಕಿವಿಯೊಳಗೆ, ಹಲ್ಲಿನ ಸಂದಿಯಲ್ಲಿ ಭಂಡಾರ. ಗುಡ್ಡದ ಕಲ್ಲು ಹಳದಿ, ಎತ್ತಿನ ಕೊಂಬು ಹಳದಿ, ಬಂದೋಬಸ್ತಿಗೆ ನಿಂತ ಪೊಲೀಸಪ್ಪನ ಟೋಪಿಯೂ ಹಳದಿ. ಹಿಂದೆ ಕುರಿ ಸಾಕುವವರು ಹರಕೆ ಹೊತ್ತು ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುತ್ತಿದ್ದರು. ಈಗ ಜಿಲ್ಲಾಡಳಿತ ಅದನ್ನು ನಿಷೇಧಿಸಿ, ಮರಿಗಳನ್ನು ದಾರಿಯಲ್ಲೇ ತಡೆದು ಇಳಿಸಿಕೊಳ್ಳುತ್ತದೆ. ಮರಿಗಳ ಜೀವ ಉಳಿಯಿತು, ಹರಕೆಯ ಭಕ್ತಿಗೆ ಭಂಡಾರವೇ ಸಾಕು ಎಂದು ನನಗೂ ಅನಿಸಿತು.

ಆಮೇಲೆ ಸರಪಳಿ. ಜಾತ್ರೆ ಉಸಿರು ಬಿಗಿಹಿಡಿದು ಕಾಯುವುದು ಇದಕ್ಕೇ. ಕಬ್ಬಿಣದ ಸರಪಳಿ ಎಳೆದು ಹಿಡಿಯುತ್ತಾರೆ, ಡಮರು ಜೋರಾಗುತ್ತದೆ, ಸುತ್ತಲೂ ಕಿರುಚಾಟ. ಹರಿಯಿತು! ಹರಿದ ಕ್ಷಣಕ್ಕೆ ಇಡೀ ಗುಡ್ಡ ಒಂದೇ ಗಂಟಲಿನಿಂದ ಕೂಗಿತು. ನನ್ನ ಪಕ್ಕದ ಮುದುಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಯಾಕೆ ಮುತ್ಯಾ ಅಂದೆ. "ನಮ್ಮಪ್ಪನ ಹೆಗಲ ಮ್ಯಾಲ ಕುಂತು ನೋಡಿದ್ದೆ. ಇವತ್ತ ನನ್ನ ಮೊಮ್ಮಗ ನನ್ನ ಹೆಗಲ ಮ್ಯಾಲ ಕುಂತು ನೋಡ್ದ" ಅಂದ.

ಆಗ ನನಗೆ ಹೊಹೆನೆಮ್ಸ್‌ನ ಆ ಕಪಾಟು ನೆನಪಾಯಿತು. ಅಲ್ಲಿ ರಕ್ಕಸನನ್ನು ಕೊಂದ ಕಥೆಯನ್ನು ಕಪಾಟಿನಿಂದ ಹುಡುಕಿ ತೆಗೆಯಬೇಕಾಯಿತು. ಇಲ್ಲಿ ಅದು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಇಳಿಯುತ್ತ ಬಂದಿದೆ.

ವೈರಿಗೂ ಗುಡಿಯಲ್ಲಿ ಜಾಗ

ಈ ಇಡೀ ಹುಡುಕಾಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಕಥೆಯ ಕೊನೆ. ಡ್ರ್ಯಾಗನ್ ಸತ್ತ ಮೇಲೂ ನಿಬೆಲುಂಗರ ಕಥೆಯಲ್ಲಿ ನೆಮ್ಮದಿ ಇಲ್ಲ. ಸೀಗ್‌ಫ್ರೀಡ್ ಸಾಯುತ್ತಾನೆ. ಕ್ರೀಮ್‌ಹಿಲ್ಡ್ ಗಂಡನ ಸಾವಿನ ಸೇಡಿಗೆ ಹೂಣರ ರಾಜನನ್ನು ಮದುವೆಯಾಗಿ, ತನ್ನ ಅಣ್ಣತಮ್ಮಂದಿರನ್ನೇ ಔತಣಕ್ಕೆ ಕರೆಸುತ್ತಾಳೆ. ಔತಣದ ಸಭಾಮಂದಿರಕ್ಕೆ ಬೆಂಕಿ ಬೀಳುತ್ತದೆ. ಬಂದ ವೀರರೆಲ್ಲ ಸಾಯುತ್ತಾರೆ, ಕೊನೆಗೆ ಅವಳೂ. ನಮ್ಮ ಕುರುಕ್ಷೇತ್ರದ ಹಾಗೆ ಗೆದ್ದವರೂ ಅಳುವ ಕಥೆ ಅದು.

ಮೈಲಾರನ ಕಥೆ ಬೇರೆ ದಾರಿ ಹಿಡಿಯುತ್ತದೆ. ಸೋತ ಮಣಿ ಸಾಯುವ ಮೊದಲು ತನ್ನ ಬಿಳಿ ಕುದುರೆಯನ್ನು ದೇವರಿಗೆ ಒಪ್ಪಿಸಿ, ನಿನ್ನ ಗುಡಿಗಳಲ್ಲಿ ನನಗೂ ಜಾಗ ಕೊಡು ಎನ್ನುತ್ತಾನೆ. ದೇವರು ಕೊಡುತ್ತಾನೆ! ಖಂಡೋಬ ಕುದುರೆ ಏರಿ ಕುಳಿತ ಪಟ ನೋಡಿದ್ದೀರಲ್ಲ, ಅದು ವೈರಿ ಕೊಟ್ಟ ಕುದುರೆ. ಸಾಯುವಾಗಲೂ ಕೇಡನ್ನೇ ಬೇಡಿದ ಮ‌ಲ್ಲನ ತಲೆ ಮಾತ್ರ ಗುಡಿಯ ಮೆಟ್ಟಿಲಿನ ಬಳಿ ಬಂದು ಬೀಳುತ್ತದೆ, ಬರುವ ಭಕ್ತರು ತುಳಿದು ಹೋಗಲಿ ಎಂದು. ಬದಲಾದವನಿಗೆ ಪೂಜೆ, ಬದಲಾಗದವನಿಗೆ ಮೆಟ್ಟಿಲು. ಇನ್ನೂ ಒಂದು ಸೋಜಿಗ ಕೇಳಿ. ಮಲ್ಲಾರಿ, ಮಲ್ಹಾರ, ಮಲ್ಲನ್ನ ಎಂದು ಕರೆಯುವಾಗಲೆಲ್ಲ ದೇವರ ಹೆಸರಿನೊಳಗೆ ಆ ರಕ್ಕಸನ ಹೆಸರೂ ಕೇಳುತ್ತದೆ. ವೈರಿಯನ್ನು ಬಿಟ್ಟು ದೇವರನ್ನು ಕೂಗಲು ನಮ್ಮ ಜನಕ್ಕೆ ಬರುವುದೇ ಇಲ್ಲ.

ಹೂವಿನಹಡಗಲಿಯ ಮೈಲಾರದಲ್ಲಿ ಈ ಕಾಳಗದ ನೆನಪು ಇಂದಿಗೂ ಪ್ರತಿ ವರ್ಷ ಜೀವ ಪಡೆಯುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯ ಆಳೆತ್ತರವನ್ನೂ ಮೀರಿದ ಬಿಲ್ಲನ್ನು ಸರಸರ ಏರಿ, "ಸದ್ದಲೇ!" ಎಂದು ಗುಡುಗುತ್ತಾನೆ. ಲಕ್ಷ ಜನ ಉಸಿರು ನಿಲ್ಲಿಸುತ್ತಾರೆ. ನಾಯಿ ಕೂಡ ಬೊಗಳುವುದಿಲ್ಲ. ಆ ಮೌನದೊಳಗೆ ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆಯ ಲೆಕ್ಕವನ್ನು ರೈತರು ಆ ಒಂದು ಸಾಲಿನಲ್ಲಿ ಹುಡುಕುತ್ತಾರೆ. ಹಕ್ಕಿಯ ಮಾತು ತಿಳಿದ ಸಿಗುರ್ಡ್ ಅಲ್ಲಿ ಬಂಡೆಯ ಮೇಲಿದ್ದಾನೆ. ಇಲ್ಲಿ ಗೊರವಯ್ಯನ ಒಂದು ಮಾತಿಗೆ ಹೊಲದ ಮಣ್ಣು ಕಾಯುತ್ತದೆ.

ಆ ನೆಲದಿಂದ ಈ ನೆಲಕ್ಕೆ ಬಂದವರು

ಇನ್ನೊಂದು ಬೆರಗು ಬಾಕಿ ಇತ್ತು. ಸೀಗ್‌ಫ್ರೀಡ್ ಬಂದ ವೋರ್ಮ್ಸ್ ಪಟ್ಟಣದಿಂದ ಹೈಡೆಲ್‌ಬರ್ಗ್ ಹೆಚ್ಚು ದೂರವಿಲ್ಲ. ಹೈಡೆಲ್‌ಬರ್ಗ್‌ಗೆ ಒತ್ತಿಕೊಂಡೇ ಓಡೆನ್‌ವಾಲ್ಡ್ ಕಾಡು. ಸೀಗ್‌ಫ್ರೀಡ್ ಸತ್ತ ಬುಗ್ಗೆ ನಮ್ಮದೇ ಎಂದು ಹೇಳಿಕೊಳ್ಳುವ ಊರುಗಳು ಆ ಕಾಡಿನಲ್ಲಿ ಒಂದೆರಡಲ್ಲ. ಆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಗುಂಟರ್ ಡಿ. ಸೋಂಥೈಮರ್ ಎಂಬ ವಿದ್ವಾಂಸರು ತಮ್ಮ ಜೀವಮಾನವನ್ನು ಯಾರಿಗೆ ಕೊಟ್ಟರು ಗೊತ್ತೇ? ನಮ್ಮ ಮೈಲಾರನಿಗೆ, ಖಂಡೋಬನಿಗೆ!

1934ರಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಕಾನೂನು ಓದಲು ಬಂದರು, ಮರಾಠಿ ಕಲಿತರು, ಧನಗರರ ಕುರಿಮಂದೆಯ ಹಿಂದೆ ನಡೆದರು. ಬಿರೋಬಾ, ಮ್ಹಸ್ಕೋಬಾ, ಖಂಡೋಬ ಎಂಬ ಕುರಿಗಾರರ ದೇವರ ಬಗ್ಗೆ ಅವರ ದೊಡ್ಡ ಗ್ರಂಥ 1976ರಲ್ಲಿ ಜರ್ಮನ್ ಭಾಷೆಯಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಬಂತು. ಛಾಯಾಗ್ರಾಹಕ ಹೆನಿಂಗ್ ಸ್ಟೆಗ್‌ಮ್ಯುಲರ್ ಜೊತೆಗೂಡಿ ಜನರ ಯಾತ್ರೆಗಳನ್ನು ಚಿತ್ರ ಮಾಡಿದರು. ಓದು ಬರಹ ಬಾರದ ಕುರಿಗಾರನ ಹಾಡನ್ನು ಅವರು ಸಂಸ್ಕೃತ ಗ್ರಂಥದ ಪಕ್ಕದಲ್ಲೇ, ಅಷ್ಟೇ ಗೌರವದಿಂದ ಇಟ್ಟರು. 1992ರಲ್ಲಿ ತೀರಿಕೊಂಡರು. ತಮ್ಮೂರಿನ ಹಾಡು ಮೌನವಾದದ್ದನ್ನು ಬಲ್ಲ ನೆಲದ ಮನುಷ್ಯ, ನಮ್ಮ ಹಾಡು ನಡೆಯುತ್ತಿರುವಾಗಲೇ ಬಂದು ಕಿವಿಗೊಟ್ಟು ಕೂತರು ಎಂದು ನೆನೆದರೆ ಗಂಟಲು ಕಟ್ಟುತ್ತದೆ.

ಪರದೆಯ ಮೇಲೆ ಮಲ್ಹಾರ

ಮೈಲಾರನ ಕಥೆ ಟಿವಿಗೆ ಬಂದಿದೆಯೇ? ಬಂದಿದೆ! 2014ರಿಂದ 2017ರವರೆಗೆ ಝೀ ಮರಾಠಿ ವಾಹಿನಿಯಲ್ಲಿ 'ಜಯ್ ಮಲ್ಹಾರ್' ಧಾರಾವಾಹಿ ಮನೆ ಮನೆ ತಲುಪಿತು. ಮಹೇಶ್ ಕೋಠಾರೆ ಅವರ ಸಂಸ್ಥೆಯ ನಿರ್ಮಾಣ. ದೇವದತ್ತ ನಾಗೆ ಖಂಡೋಬ, ಸುರಭಿ ಹಾಂಡೆ ಮ್ಹಾಳಸಾ, ಈಶಾ ಕೇಸಕರ್ ಬಾನು. ಮಣಿ ಮಲ್ಲರ ಕಾಳಗದಿಂದ ಹಿಡಿದು ಮನೆಯೊಳಗಿನ ಸವತಿಯರ ಮುನಿಸಿನವರೆಗೆ ಎಲ್ಲವೂ ಅದರಲ್ಲಿತ್ತು. ಮರಾಠಿ ಭಕ್ತರ ಘೋಷ "ಯೆಳಕೋಟ ಯೆಳಕೋಟ, ಜಯ ಮಲ್ಹಾರ". ಆ ಯೆಳಕೋಟ ಯಾವುದು? ವಿದ್ವಾಂಸರು ಹೇಳುವಂತೆ ನಮ್ಮ 'ಏಳು ಕೋಟಿ'! ಕನ್ನಡದ ಒಂದು ಸಂಖ್ಯೆ ಜೇಜುರಿಯ ಮೆಟ್ಟಿಲುಗಳ ಮೇಲೆ ಶತಮಾನಗಳಿಂದ ಮೊಳಗುತ್ತಿದೆ.

ಟಿವಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತ ಸರ್ಕಾರ ಮತ್ತು ಅಮೆರಿಕದ ನಾಸಾ ಕೂಡಿ ಉಪಗ್ರಹದಿಂದ ನೇರ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸುವ ಪ್ರಯೋಗ ಮಾಡಿದವು. ಸೈಟ್ ಎಂದು ಅದರ ಹೆಸರು. ಆರು ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಇಂದಿನ ಯಾದಗಿರಿ ಜಿಲ್ಲೆ ಆಗ ಗುಲ್ಬರ್ಗದ ಒಳಗೇ ಇತ್ತು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಅದರ ಮೂಲಕ 36 ಸಾವಿರ ಕಿಲೋಮೀಟರ್ ಮೇಲಿನಿಂದ ಇಳಿದು ಬಂದ ಕನ್ನಡ! 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲೇ ನಮ್ಮ ಸೀಮೆಯ ಜನ ಪಡಸಾಲೆಯಲ್ಲಿ, ಶಾಲೆಯ ಅಂಗಳದಲ್ಲಿ ಕೂತು ಟಿವಿ ನೋಡಿದ್ದಾರೆ.

ಹಾಗಾದರೆ ನಮ್ಮ ಮೈಲಾರಲಿಂಗನನ್ನು ನಮ್ಮ ಮಾತಿನಲ್ಲಿ, ನಮ್ಮ ವಗ್ಗಯ್ಯಗಳ ದನಿಯಲ್ಲಿ ಪರದೆಗೆ ತರುವುದಕ್ಕೆ ಏನು ಅಡ್ಡಿ? ಮಲೆಯ ಮಾದಪ್ಪನ ಕಥೆ 'ಉಘೇ ಉಘೇ ಮಾದೇಶ್ವರ' ಧಾರಾವಾಹಿಯಾಗಿ ಕನ್ನಡಿಗರ ಮನೆ ತಲುಪಿತಲ್ಲ! ಗಂಗಿಮಾಳವ್ವನ ಸಿಟ್ಟು, ಕುರುಬತ್ತೆವ್ವನ ಹಟ್ಟಿ, ರಕ್ತ ನೆಕ್ಕುವ ನಾಯಿ, ವೈರಿ ಕೊಟ್ಟ ಬಿಳಿ ಕುದುರೆ, ಹೊನ್ನಕೆರೆಯ ನೀರು. ಇಷ್ಟೆಲ್ಲ ಇರುವ ಕಥೆಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಚಿತ್ರೀಕರಣ ಮಾಡಬೇಕಿಲ್ಲ. ಯಾದಗಿರಿಯ ಬಂಡೆಗುಡ್ಡ ಸಾಕು, ಜನವರಿಯ ಬೆಳಗು ಸಾಕು.

ಟಿವಿಯವರು ಬರುವ ತನಕ ನಾವು ಕಾಯುವುದೂ ಬೇಡ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳು ಗುರುಮಠಕಲ್, ಶಹಾಪುರ, ಸುರಪುರದ ಹಟ್ಟಿಗಳಿಗೆ ಬರಲಿ. ನಮ್ಮ ಹುಡುಗರೂ ಕೈಯಲ್ಲಿನ ಫೋನನ್ನು ಒಂದು ಸಂಜೆ ವಗ್ಗಯ್ಯನ ಮುಂದೆ ಇಡಲಿ. ಜರ್ಮನ್ನರ ಕೈಗೆ ಮತ್ತೆ ಸಿಕ್ಕಿದ್ದು ಹಾಳೆ. ಅದನ್ನು ಹಾಡುತ್ತಿದ್ದ ದನಿ ಯಾವ ಕಪಾಟಿನಲ್ಲೂ ಸಿಗಲಿಲ್ಲ. ನಮ್ಮ ದನಿ ಇನ್ನೂ ಕಂಬಳಿ ಹೊದ್ದು ನಮ್ಮ ಕಟ್ಟೆಯ ಮೇಲೇ ಕೂತಿದೆ.

ನಾನು ಶುರು ಮಾಡಿದ್ದೇನೆ. ಮೊದಲ ರೆಕಾರ್ಡಿಂಗ್ ನಮ್ಮ ಆಯಿಯದು, ನಾಯಿ ರಕ್ತ ನೆಕ್ಕಿದ ಕಥೆ, ಹನ್ನೊಂದು ನಿಮಿಷ. ನಿಮ್ಮ ಮನೆಯಲ್ಲೂ ಒಬ್ಬ ಆಯಿ, ಒಬ್ಬ ಮುತ್ಯಾ ಇರಬಹುದು. ಇವತ್ತೇ ಕೇಳಿ. ಬರುವ ಸಂಕ್ರಾಂತಿಗೆ ಮೈಲಾಪುರಕ್ಕೆ ಬನ್ನಿ.